ಒಂದು ಕಂಚು, ಒಂದು ಹನ್ನೆರಡನೆಯ ಸ್ಥಾನ: ಫಿಜಿಯ ಹೆಣ್ಣುಮಕ್ಕಳ ರಗ್ಬಿ



ಮಹಿಳೆ ಮತ್ತು ಕ್ರೀಡೆಯ ಬಗ್ಗೆ ಮಾತಾಡಿ ಎಂದು ನೀವು ಕೇಳಿದಿರಿ. ವಿಷಯ ದೊಡ್ಡದು. ಅದನ್ನು ಪೂರ್ತಿ ಬಾಚಿಕೊಳ್ಳುವ ಬದಲು ಒಂದೇ ತಂಡವನ್ನು ಹಿಡಿದು ಮಾತಾಡುತ್ತೇನೆ. ಪೆಸಿಫಿಕ್ ಸಾಗರದ ನಡುವಿನ ಫಿಜಿ ದೇಶದ ಮಹಿಳಾ ರಗ್ಬಿ ಸೆವೆನ್ಸ್ ತಂಡ ಅದು. ಅವರ ನಾಡಿನಲ್ಲಿ ಅದನ್ನು ‘ಫಿಜಿಯಾನ’ ಎಂದು ಕರೆಯುತ್ತಾರೆ. ಇಡೀ ದೇಶದ ಜನಸಂಖ್ಯೆ ಸುಮಾರು ಒಂಬತ್ತು ಲಕ್ಷ, ನಮ್ಮ ಹೆಚ್ಚಿನ ಜಿಲ್ಲೆಗಳಿಗಿಂತ ಕಡಿಮೆ. ಈ ತಂಡ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿತು. ಮೂರು ವರ್ಷ ಕಳೆದು ಪ್ಯಾರಿಸ್‌ನಲ್ಲಿ ಹನ್ನೆರಡು ತಂಡಗಳ ಪೈಕಿ ಹನ್ನೆರಡನೆಯದಾಯಿತು. ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂಬುದೇ ಇವತ್ತಿನ ನನ್ನ ಮಾತು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ರಗ್ಬಿಯಲ್ಲಿ ಸಾಮಾನ್ಯವಾಗಿ ಕಡೆಗೆ ಹದಿನೈದು ಜನ. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್‌ರೋಸ್ ಊರಿನಲ್ಲಿ, ಕ್ಲಬ್ಬಿಗೆ ಹಣ ಕೂಡಿಸಲು, ನೆಡ್ ಹೇಗ್ ಎಂಬ ಕಸಾಯಿ ವೃತ್ತಿಯವನು ಅದನ್ನು ಏಳು ಜನಕ್ಕೆ ಇಳಿಸಿದ. ಜನ ಅರ್ಧಕ್ಕಿಂತ ಕಡಿಮೆಯಾದರು, ಮೈದಾನ ಮಾತ್ರ ಅಷ್ಟೇ ಉಳಿಯಿತು. ಏಳು ನಿಮಿಷದ ಎರಡು ಅವಧಿ, ನಡುವೆ ಚುಟುಕು ವಿರಾಮ. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’, ಐದು ಅಂಕ. ಅದರ ಮೇಲೆ ಒದ್ದು ಕಂಬಗಳ ನಡುವೆ ಹಾಯಿಸಿದರೆ ಇನ್ನೆರಡು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಕೊಟ್ಟೇ ಮುಂದೆ ಹೋಗಬೇಕು. ಒಬ್ಬಳು ಟ್ಯಾಕಲ್, ಅಂದರೆ ಎದುರಾಳಿಯ ಹಿಡಿತ, ತಪ್ಪಿಸಿಕೊಂಡರೆ ಮುಂದೆ ಅರ್ಧ ಮೈದಾನ ಬಯಲು. ಒಂದೇ ದಿನದಲ್ಲಿ ಇಂಥ ಎರಡು ಮೂರು ಪಂದ್ಯ ಆಡಬೇಕಾಗುತ್ತದೆ. ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಯಾರ ಕಾಲಿನಲ್ಲಿ ಓಟ ಉಳಿದಿರುತ್ತದೋ ಅವರ ಆಟ ಇದು.

ಇನ್ನೊಂದು ವಿಶೇಷ ನನಗೆ ಬಹಳ ಮುಖ್ಯವೆನಿಸುತ್ತದೆ. ಕ್ರಿಕೆಟ್ಟಿನಲ್ಲಿ ಹೆಂಗಸರಿಗೆ ಬೌಂಡರಿ ಹತ್ತಿರ ಬರುತ್ತದೆ, ಚೆಂಡು ಹಗುರಾಗುತ್ತದೆ. ದೊಡ್ಡ ಟೆನಿಸ್ ಟೂರ್ನಿಗಳಲ್ಲಿ ಗಂಡಸರಿಗೆ ಐದು ಸೆಟ್, ಹೆಂಗಸರಿಗೆ ಮೂರು. ಸೆವೆನ್ಸ್‌ನಲ್ಲಿ ಅದೇ ಮೈದಾನ, ಅದೇ ಸಮಯ, ಅದೇ ನಿಯಮ. ಯಾರಿಗೂ ರಿಯಾಯಿತಿ ಇಲ್ಲ.

ಫಿಜಿಯಲ್ಲಿ ರಗ್ಬಿ ಎಂದರೆ ಹಳ್ಳಿ ನಡುವಿನ ಹುಲ್ಲುಬಯಲಿನಲ್ಲಿ ಸಂಜೆ ಗಂಡುಹುಡುಗರು ಆಡುವ ಆಟ. ಹೆಣ್ಣುಮಕ್ಕಳಿಗೆಂದು ಇದ್ದದ್ದು ನೆಟ್‌ಬಾಲ್. 2009ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸೆವೆನ್ಸನ್ನು ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ 2016ರ ಒಲಿಂಪಿಕ್ಸ್‌ಗೆ ಸೇರಿಸಿತು. ಆ ಒಂದು ತೀರ್ಮಾನದಿಂದ ಎಷ್ಟೋ ದೇಶಗಳಲ್ಲಿ ಹುಡುಗಿಯರ ರಗ್ಬಿಗೆ ಸರ್ಕಾರದ ದುಡ್ಡು ಮೊದಲ ಬಾರಿಗೆ ಹರಿಯಿತು ಎಂಬುದನ್ನು ಮರೆಯಬಾರದು.

ಆ ರಿಯೊ ಒಲಿಂಪಿಕ್ಸ್‌ನಲ್ಲಿ ಫಿಜಿಯ ಗಂಡಸರು ಗ್ರೇಟ್ ಬ್ರಿಟನ್ನನ್ನು 43-7ರಿಂದ ಸೋಲಿಸಿ ಚಿನ್ನ ಗೆದ್ದರು. ಯಾವ ಆಟದಲ್ಲೇ ಆಗಲಿ, ಫಿಜಿಗೆ ಅದೇ ಮೊದಲ ಒಲಿಂಪಿಕ್ ಪದಕ. ಸರ್ಕಾರ ರಜೆ ಕೊಟ್ಟಿತು. ಮುಂದಿನ ವರ್ಷ ದೇಶದ ರಿಸರ್ವ್ ಬ್ಯಾಂಕ್ ಆ ಗೆಲುವಿನ ನೆನಪಿಗಾಗಿ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿಸಿತು. ಅದೇ ಊರಿನಲ್ಲಿ, ಅದೇ ವಾರಗಳಲ್ಲಿ ಹೆಣ್ಣುಮಕ್ಕಳು ಕ್ವಾರ್ಟರ್ ಫೈನಲ್ ತಲುಪಿ ಎಂಟನೆಯ ಸ್ಥಾನದಲ್ಲಿ ನಿಂತದ್ದು ಎಷ್ಟು ಜನರ ನೆನಪಿನಲ್ಲಿದೆ? ಮಹಿಳೆಯರ ಚಿನ್ನ ಆಸ್ಟ್ರೇಲಿಯಾಕ್ಕೆ ಹೋಯಿತು. ಆ ಗೆದ್ದ ತಂಡದಲ್ಲಿ ಮಿಂಚಿನ ಓಟಕ್ಕೆ ಹೆಸರಾದ ಎಲಿಯಾ ಗ್ರೀನ್ ಇದ್ದರು. ಅವರು ಹುಟ್ಟಿದ್ದು ಫಿಜಿಯಲ್ಲಿ, ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಕಾಲಿನ ವೇಗ ಎಲ್ಲಿಂದಲಾದರೂ ಬರಬಹುದು. ಅದಕ್ಕೆ ಟ್ರ್ಯಾಕು, ತರಬೇತುದಾರರು, ಹೊಟ್ಟೆ ತುಂಬ ಊಟ, ತಿಂಗಳ ಸಂಬಳ ಎಲ್ಲಿ ಸಿಗುತ್ತವೆ ಎಂಬುದೇ ಪ್ರಶ್ನೆ.

ಇನ್ನು ಟೋಕಿಯೊ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೊರೋನಾದಿಂದ ಒಂದು ವರ್ಷ ಮುಂದಕ್ಕೆ ಹೋದ ಕೂಟ ಅದು. 2021ರ ಮಧ್ಯದಲ್ಲಿ ಫಿಜಿಯಲ್ಲಿ ಸೋಂಕು ಹಬ್ಬಿತ್ತು. ಒಲಿಂಪಿಕ್ಸ್‌ಗೆ ಮುನ್ನ ಕೈಗೆ ಸಿಕ್ಕ ಅಭ್ಯಾಸ ಪಂದ್ಯಗಳೆಂದರೆ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ನಡೆದವು. ನಾಯಕಿ ರುಸಿಲಾ ನಗಾಸೌ, ತರಬೇತುದಾರ ಸೈಯಾಸಿ ಫುಲಿ. ಗುಂಪು ಹಂತದಲ್ಲಿ ಫ್ರಾನ್ಸ್ ಎದುರು ಸೋತರು. ಕ್ವಾರ್ಟರ್ ಫೈನಲ್‌ನಲ್ಲಿ ಸಿಕ್ಕಿದ್ದು ರಿಯೊದ ಚಿನ್ನ ಗೆದ್ದ ಆಸ್ಟ್ರೇಲಿಯಾ. ಫಿಜಿಯನ್ನರ ಕೈಚಳಕವೆಂದರೆ ಟ್ಯಾಕಲ್ ಬಿದ್ದು ಕೆಳಗುರುಳುತ್ತಿರುವಾಗಲೇ ಒಂದೇ ಕೈಯಲ್ಲಿ ಚೆಂಡನ್ನು ಗೆಳತಿಗೆ ದಾಟಿಸುವ ‘ಆಫ್‌ಲೋಡ್’. ಪುಸ್ತಕದ ಪ್ರಕಾರ ಅಪಾಯದ ಪಾಸ್ ಅದು, ತಪ್ಪಿದರೆ ಎದುರಾಳಿಗೆ ದಾನ. ಇವರಿಗೆ ಅದು ಬಾಲ್ಯದಿಂದ ಬಂದ ಅಭ್ಯಾಸ. ಪಂದ್ಯ ಮುಗಿದಾಗ ಫಿಜಿಗೆ 14-12ರ ಗೆಲುವು. ಚಾಂಪಿಯನ್ನರು ಪದಕದ ಹಾದಿಯಿಂದ ಹೊರಬಿದ್ದರು.

ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್. ನಿಗದಿತ ಸಮಯಕ್ಕೆ 17-17. ಹೆಚ್ಚುವರಿ ಸಮಯದಲ್ಲಿ ಮೊದಲು ಅಂಕ ಪಡೆದವರು ಗೆದ್ದಂತೆ. ನ್ಯೂಜಿಲೆಂಡ್ ಒಂದು ಟ್ರೈ ಹಾಕಿತು, 22-17. ಆ ತಂಡವೇ ಮುಂದೆ ಫೈನಲ್‌ನಲ್ಲಿ ಫ್ರಾನ್ಸನ್ನು 26-12ರಿಂದ ಸೋಲಿಸಿ ಚಿನ್ನ ಗೆದ್ದಿತು. ಆ ಚಿನ್ನದ ತಂಡಕ್ಕೂ ಫಿಜಿಗೂ ನಡುವೆ ಉಳಿದದ್ದು ಒಂದೇ ಟ್ರೈ. ಅಂಥ ಸೋಲಿನ ದಿನವೇ, ಜುಲೈ 31ರಂದು, ಮತ್ತೆ ಬೂಟು ಕಟ್ಟಿಕೊಂಡು ಕಂಚಿಗಾಗಿ ಇಳಿಯುವುದು ಸುಲಭವಲ್ಲ. ಅವರು ಇಳಿದರು, ಗ್ರೇಟ್ ಬ್ರಿಟನ್ನನ್ನು 21-12ರಿಂದ ಸೋಲಿಸಿದರು. ಫಿಜಿಯ ಹೆಣ್ಣುಮಕ್ಕಳಿಗೆ ಮೊದಲ ಒಲಿಂಪಿಕ್ ಪದಕ. ಆಗ ಇಡೀ ದೇಶದ ಖಾತೆಯಲ್ಲಿದ್ದ ಒಲಿಂಪಿಕ್ ಪದಕ ಮೂರು, ಅದರಲ್ಲಿ ಒಂದು ಇವರದು.

ಮರುವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ. ಅದೇ ವರ್ಷ ಹದಿನೈದು ಜನರ ಆಟದಲ್ಲಿ ಫಿಜಿಯಾನ ದ್ರುವಾ ಎಂಬ ತಂಡ ಆಸ್ಟ್ರೇಲಿಯಾದ ಸೂಪರ್ ಡಬ್ಲ್ಯೂ ಲೀಗಿಗೆ ಮೊದಲ ಸಲ ಕಾಲಿಟ್ಟು, ಒಂದೂ ಪಂದ್ಯ ಸೋಲದೆ ಪ್ರಶಸ್ತಿ ಎತ್ತಿತು. ಹದಿನೈದರ ಆಟದ ವಿಶ್ವಕಪ್‌ನಲ್ಲಿ ಫಿಜಿಯ ರಾಷ್ಟ್ರೀಯ ತಂಡ ದಕ್ಷಿಣ ಆಫ್ರಿಕಾವನ್ನು 21-17ರಿಂದ ಸೋಲಿಸಿತು.

ಆಮೇಲೆ ಪ್ಯಾರಿಸ್, 2024. ಒಂದೂ ಗೆಲುವಿಲ್ಲ. ಈ ಹುಡುಗಿಯರು ಮೂರು ವರ್ಷದಲ್ಲಿ ಓಡುವುದನ್ನು ಮರೆತರೇ? ನಾನು ಒಪ್ಪುವುದಿಲ್ಲ. ಉಳಿದ ದೇಶಗಳು ಏನು ಮಾಡಿದವು ನೋಡಿ. ಆಸ್ಟ್ರೇಲಿಯಾ ಟಚ್ ಫುಟ್‌ಬಾಲ್ ಆಡುವ ಹುಡುಗಿಯರನ್ನು ಹುಡುಕಿ ತಂದು, ಸಿಡ್ನಿಯಲ್ಲಿ ಒಟ್ಟಿಗೆ ಇರಿಸಿ, ಪೂರ್ಣಾವಧಿ ಸಂಬಳ ಕೊಟ್ಟು ತಂಡ ಕಟ್ಟಿತ್ತು. ಅಮೆರಿಕ ಒಲಿಂಪಿಕ್ ತರಬೇತಿ ಕೇಂದ್ರದಲ್ಲಿ ತನ್ನ ಆಟಗಾರ್ತಿಯರನ್ನು ವರ್ಷವಿಡೀ ಪಳಗಿಸಿತು. ಪ್ಯಾರಿಸ್‌ನಲ್ಲಿ ಕಂಚಿನ ಪಂದ್ಯದ ಕೊನೆಯ ಕ್ಷಣದಲ್ಲಿ ಆಸ್ಟ್ರೇಲಿಯಾವನ್ನು 14-12ರಿಂದ ಮಣಿಸಿದ್ದು ಅದೇ ತಂಡ. ಪುಟ್ಟ ದೇಶವೊಂದು ತನ್ನ ಬೆರಳೆಣಿಕೆಯ ಪ್ರತಿಭೆಗಳನ್ನು ಏಳು ಜನರ ಆಟಕ್ಕೂ ಹದಿನೈದರ ಆಟಕ್ಕೂ ಹಂಚಬೇಕು. ಒಬ್ಬಿಬ್ಬರು ನಿವೃತ್ತರಾದರೆ ತಂಡ ಅರ್ಧ ಖಾಲಿ. ಟೋಕಿಯೊದ ಕಂಚು ಆ ಹೆಣ್ಣುಮಕ್ಕಳ ಪ್ರತಿಭೆಗೆ ಸಾಕ್ಷಿ. ಪ್ಯಾರಿಸ್ಸಿನ ಹನ್ನೆರಡನೆಯ ಸ್ಥಾನವನ್ನು ನಾನು ಅವರ ಹೆಸರಿಗೆ ಬರೆಯಲಾರೆ, ಅವರ ಹಿಂದಿದ್ದ ವ್ಯವಸ್ಥೆಯ ಹೆಸರಿಗೆ ಬರೆಯುತ್ತೇನೆ.

ಇದನ್ನು ನಮ್ಮ ಕಬಡ್ಡಿಯ ಪಕ್ಕದಲ್ಲಿಟ್ಟು ನೋಡಿ, ಅಲ್ಲೂ ಅಂಗಳದಲ್ಲಿ ಏಳೇ ಜನ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ 2012ರ ವಿಶ್ವಕಪ್ ಗೆದ್ದರು. ಅವರ ಆಟದ ಹಿಂದೆ ರೈಲ್ವೆಯ ನೌಕರಿ ಇತ್ತು. ಪ್ರತಿ ತಿಂಗಳು ಬರುವ ಸಂಬಳ, ಆಡಲು ಸಿಗುವ ರಜೆ, ಇಲಾಖೆಯ ತಂಡ ಇವೆಲ್ಲ ಇದ್ದಾಗ ಹಳ್ಳಿಯ ಹುಡುಗಿ ಇಪ್ಪತ್ತೊಂದಕ್ಕೆ ಆಟ ಬಿಡಬೇಕಾಗಿಲ್ಲ. ರಗ್ಬಿಯಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳೂ ಸುಮ್ಮನೆ ಕೂತಿಲ್ಲ: 2019ರಲ್ಲಿ ಮನಿಲಾದಲ್ಲಿ ಸಿಂಗಾಪುರವನ್ನು 21-19ರಿಂದ ಸೋಲಿಸಿ ಹದಿನೈದರ ಆಟದಲ್ಲಿ ಮೊದಲ ಅಂತರರಾಷ್ಟ್ರೀಯ ಗೆಲುವು ಪಡೆದರು. ಭುವನೇಶ್ವರದ ವಸತಿ ಶಾಲೆಯಲ್ಲಿ ಬೆಳೆದ ಆದಿವಾಸಿ ಹುಡುಗಿಯರು ಆ ತಂಡದಲ್ಲಿದ್ದರು. ಊಟ, ಓದು, ಮೈದಾನ ಒಂದೇ ಆವರಣದಲ್ಲಿ ಸಿಕ್ಕಿದ್ದರಿಂದ ಬೆಳೆದವರು ಅವರು.

ಫಿಜಿಯಾನ ಮತ್ತೆ ಏಳುತ್ತದೆಯೇ ಎಂದು ಕೇಳಿದರೆ, ಹದಿನೈದರ ತಂಡ 2025ರ ವಿಶ್ವಕಪ್‌ನಲ್ಲಿ ವೇಲ್ಸನ್ನು 28-25ರಿಂದ ಸೋಲಿಸಿದ್ದನ್ನು ತೋರಿಸುತ್ತೇನೆ. ಮುಂದಿನ ಒಲಿಂಪಿಕ್ಸ್ 2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿಗೆ ಮುಟ್ಟಬೇಕಾದರೆ ಮೊದಲು ಅರ್ಹತೆ ಗಳಿಸಬೇಕು. ಆ ಅರ್ಹತಾ ಪಂದ್ಯಗಳ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಬಂದರೂ ಒಂದು ಸಾಲಿನಷ್ಟು ಬರಬಹುದು. ಆ ಸಾಲನ್ನು ಹುಡುಕಿ ಓದಿ. ನಿಮ್ಮ ಕಾಲೇಜಿನ ಮೈದಾನದಲ್ಲಿ ಸಂಜೆ ಐದರ ಮೇಲೆ ಹುಡುಗಿಯರಿಗೆ ಎಷ್ಟು ಜಾಗ ಸಿಗುತ್ತಿದೆ ಎಂದು ದೈಹಿಕ ಶಿಕ್ಷಣ ವಿಭಾಗವನ್ನು ಈ ವಾರವೇ ಕೇಳಿ.