ತಲೆ ಎಣಿಸಬೇಡಿ, ಹೋರಿ ಎಣಿಸಿ

ಆರಗ, ಬೇಡಗ, ಸಲಗರೆಯಿಂದ, ಜತ್ತ, ಆಟಪಾಡಿಯಿಂದ, ಗಡಿಯಾಚೆಯ ಕಾಗವಾಡ, ಅಥಣಿ, ರಾಯಬಾಗದಿಂದ ರಾತ್ರಿಯೆಲ್ಲ ಟೆಂಪೋದಲ್ಲಿ ದನ ಹೇರಿಕೊಂಡು ಬಂದಿರುವ ರೈತ ಬಂಧುಗಳೇ, ತಾಯಂದಿರೇ,

ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತ ಹೋದರೆ ಯಾರಾದರೊಬ್ಬರು ತಪ್ಪಿಹೋಗುತ್ತಾರೆ. ಹಾಗೆ ತಪ್ಪಿದವರೇ ಮುಂದಿನ ವರ್ಷ ಅಧ್ಯಕ್ಷರಾಗಿರುತ್ತಾರೆ. ಆದ್ದರಿಂದ ಎಲ್ಲರಿಗೂ ಕೂಡಿಸಿ ಒಂದೇ ನಮಸ್ಕಾರ. ಫೇಟಾ ಸುತ್ತಿದ್ದೀರಿ, ಶಾಲು ಹೊದಿಸಿದ್ದೀರಿ, ಸಂತೋಷ. ಮಿರಜಿನ ಈ ಜಾನುವಾರು ಪ್ರದರ್ಶನದಲ್ಲಿ ನಿಂತು ಮರಾಠಿ ಬಿಟ್ಟು ಕನ್ನಡದಲ್ಲಿ ಮಾತಾಡಲೇ ಎಂದು ಸಂಘಟಕರನ್ನು ಕೇಳಿದ್ದೆ. "ಮಾತಾಡ್ರೀ ಡಾಕ್ಟರ್ರ, ಇಲ್ಲಿ ಮಂದಿಗೆ ಎರಡೂ ತಿಳೀತಾವ. ದನಗೋಳಿಗೆ ಎರಡೂ ತಿಳಿಯೂದಿಲ್ಲ" ಎಂದರು. ಪೆಂಡಾಲಿನ ಹಿಂದೆ ದನಗಳು ಬಿಸಿಲಿಗೆ ನಿಂತಿವೆ. ಬೇಗ ಮುಗಿಸುತ್ತೇನೆ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಜೀನೋಮ್ ವಿಜ್ಞಾನ ಮತ್ತು ಪಶು ವೈವಿಧ್ಯ’ ಎಂದು ಹಾಕಿಸಿದ್ದಾರೆ. ಅಷ್ಟು ದೊಡ್ಡ ಮಾತಿಗೆ ನ್ಯಾಯ ಒದಗಿಸಬೇಕಾದರೆ ಹೆಗಲು ದಾಟುವ ಕೋಡಿನ ಪಂಢರಪುರಿ ಎಮ್ಮೆಯ ಬಗ್ಗೆ ಹೇಳಬೇಕು, ಗಿಣಿಮೂಗಿನ ಮಾಡಗ್ಯಾಳ ಕುರಿಯ ಬಗ್ಗೆ ಹೇಳಬೇಕು. ಕೆಲವು ವರ್ಷದ ಹಿಂದೆ ಆಟಪಾಡಿ ಕಡೆಯ ಒಂದು ಮಾಡಗ್ಯಾಳ ಟಗರಿಗೆ 70 ಲಕ್ಷ ಕೇಳಿದರಂತೆ ಎಂದು ಪತ್ರಿಕೆಯಲ್ಲಿ ಓದಿ ನನ್ನ ಪಿಂಚಣಿಯನ್ನು ಲೆಕ್ಕ ಹಾಕಿಕೊಂಡವನು ನಾನು. ಆದರೆ ಮೂವತ್ತು ವರ್ಷ ದನದ ದವಾಖಾನೆಯಲ್ಲಿ ಕಳೆದವನಿಗೆ ಚೆನ್ನಾಗಿ ಗೊತ್ತಿರುವುದು ಒಂದೇ, ಹೋರಿ. ಅದರ ಮಾತನ್ನೇ ಆಡುತ್ತೇನೆ.

ಈ ನೆಲದಲ್ಲಿ ಆ ಮಾತಿಗೆ ಹಕ್ಕೂ ಇದೆ. 1880ರ ಸುಮಾರಿಗೆ ಸಾಂಗಲಿ ಸಂಸ್ಥಾನದ ರಾಜರು ಕೃಷ್ಣೆಯ ಎರಿ ಹೊಲಕ್ಕೆ ತಕ್ಕ ಎತ್ತು ಬೇಕೆಂದು ಹೊರಟರು. ಕಾಠಿಯಾವಾಡದ ಗೀರ್, ಗುಜರಾತಿನ ಕಾಂಕ್ರೇಜ್, ಆಂಧ್ರದ ಒಂಗೋಲು, ಇವನ್ನು ಮೈಸೂರು ಬಗೆಯ ರಕ್ತವಿದ್ದ ಇಲ್ಲಿಯ ದನಗಳೊಡನೆ ಕೂಡಿಸಿ ಬೆಳೆಸಿದ ತಳಿಗೆ ಕೃಷ್ಣಾ ಕಣಿವೆ ತಳಿ ಎಂದು ಹೆಸರಾಯಿತು. ಖಿಲಾರಿ ಎತ್ತು ರಸ್ತೆಗೆ, ಓಟಕ್ಕೆ. ಕೃಷ್ಣಾ ಎತ್ತು ಮಳೆ ಬಿದ್ದು ಅಂಟಾದ ಕರಿ ಮಣ್ಣಿಗೆ. ಭಾರದ ಮೈ, ಜೋಲುವ ಗಂಗೆದೊಗಲು, ಮುಂದಕ್ಕೆ ಉಬ್ಬಿದ ಹಣೆ, ನೆಲ ಮುಟ್ಟುವಂಥ ಬಾಲ. ನಮ್ಮಪ್ಪ ಮಿರಜ ಪೇಟೆಯಿಂದ ಅಂಥದೊಂದು ಜೋಡಿ ಹೊಡೆದುಕೊಂಡು ಬಂದಾಗ ನನಗೆ ಎಂಟು ವರ್ಷ. ಬಾಲದ ಗೊಂಡೆ ಹಿಡಿದುಕೊಂಡು ಹಿಂದೆ ಹಿಂದೆ ಓಡಿದ್ದೆ. ಆ ಎತ್ತು ತಿರುಗಿ ಒಮ್ಮೆ ನೋಡಿತು, ಒದೆಯಲಿಲ್ಲ. ನಾನು ದನದ ಡಾಕ್ಟರಾಗಿದ್ದು ಆ ಒದೆ ತಪ್ಪಿದ್ದರಿಂದ ಎಂದು ಈಗಲೂ ಅನಿಸುತ್ತದೆ.

ಇದೇ ತಳಿಯ ರಕ್ತ ಸಮುದ್ರ ದಾಟಿದೆ. ಅಮೆರಿಕದವರು ತಮ್ಮ ಬ್ರಾಹ್ಮನ್ ದನಕ್ಕೆ ಮೂಲವಾದ ಭಾರತದ ತಳಿಗಳ ಹೆಸರು ಹೇಳುವಾಗ ಗೀರ್, ಕಾಂಕ್ರೇಜ್, ಒಂಗೋಲಿನ ಜೊತೆಗೆ ಕೃಷ್ಣಾ ಕಣಿವೆಯನ್ನೂ ಹೇಳುತ್ತಾರೆ. ಇಲ್ಲಿ ನಾವು ಎಷ್ಟು ಜನ ಆ ಹೆಸರು ಹೇಳುತ್ತೇವೆ? ಟ್ರ್ಯಾಕ್ಟರ್ ಬಂತು, ಕಬ್ಬು ಬಂತು, ಎತ್ತಿಗೆ ಕೆಲಸ ಹೋಯಿತು. ಕೆಲಸ ಹೋದ ದನವನ್ನು ಬರೀ ಅಭಿಮಾನದ ಮೇಲೆ ಎಷ್ಟು ದಿನ ಕಟ್ಟುತ್ತೀರಿ?

ಈಗ ಒಂದು ತಪ್ಪೊಪ್ಪಿಗೆ. ಉದ್ಘಾಟನೆಗೆ ಬಂದವನು ಇದನ್ನು ಹೇಳಬಾರದು. ಹೇಳುತ್ತೇನೆ.

ನೌಕರಿಯ ಹೊಸದರಲ್ಲಿ ಹೊಳೆದಂಡಿಯ ಒಂದು ಊರಿಗೆ ಬರ್ಡಿಜೊ ಇಕ್ಕಳ ಹಿಡಿದುಕೊಂಡು ಹೋಗಿದ್ದೆ. ಊರ ಹೋರಿಗಳ ಬೀಜ ಒಡೆಯುವ ಕೆಲಸ. ಒಳ್ಳೆಯ ತಳಿಯ ವೀರ್ಯದ ಕಡ್ಡಿ ದವಾಖಾನೆಗೆ ಬಂದಿತ್ತು. ಅಡ್ಡಾದಿಡ್ಡಿ ಹೋರಿ ಊರಲ್ಲಿರಬಾರದು ಎಂಬುದು ಆಗಿನ ವಿಚಾರ, ನನ್ನದೂ ಅದೇ ವಿಚಾರ. ಒಬ್ಬ ಅಜ್ಜ ತನ್ನ ಮಾಸಲು ಬಣ್ಣದ ಹೋರಿಯನ್ನು ಹಿಡಿದುಕೊಂಡು ಬಂದ. "ಡಾಕ್ಟರ್ರ, ಇದರವ್ವ ಯಾರು ಗೊತ್ತೇನ್ರಿ?" ಎಂದ. ಗೊತ್ತಿಲ್ಲ ಎಂದೆ. "ಇದರವ್ವ ಚಂದ್ರಿ. ಚಂದ್ರಿ ಅವ್ವ ಗೌರಿ. ಗೌರಿ ಅವ್ವನ್ನ ನಮ್ಮಪ್ಪ ಚಿಂಚಲಿ ಜಾತ್ರ್ಯಾಗ ಕೊಂಡು ತಂದಿದ್ದ. ಆಕಿ ಹೊಟ್ಟ್ಯಾಗ ಹುಟ್ಟಿದ್ದು ಒಂದೂ ಮೆತ್ತಗಿನ ಕಾಲಿಂದಲ್ಲ" ಎಂದು ಒಂದೊಂದೇ ಹೆಸರು ಎಣಿಸಿದ. ನಾನು ಕೈಗಡಿಯಾರ ನೋಡಿಕೊಂಡೆ. ಇನ್ನೂ ಆರು ಹೋರಿ ಬಾಕಿ ಇದ್ದವು. ಇಕ್ಕಳ ಹಾಕಿದೆ. ಹತ್ತು ನಿಮಿಷದ ಕೆಲಸ.

ಇಪ್ಪತ್ತೆರಡು ವರ್ಷದ ಮೇಲೆ ಅದೇ ಊರಿಗೆ ಮತ್ತೆ ಹೋದೆ. ಈ ಸಲ ಕೈಯಲ್ಲಿ ಇಕ್ಕಳವಿರಲಿಲ್ಲ, ಕಾಗದದ ಲಕೋಟೆಗಳಿದ್ದವು. ತಳಿಯ ಡಿಎನ್‌ಎ ಪರೀಕ್ಷೆಗೆ ಬಾಲದ ಕೂದಲು ಬೇಕಿತ್ತು. ಕತ್ತರಿಸಿದರೆ ನಡೆಯುವುದಿಲ್ಲ, ಬುಡಸಮೇತ ಕೀಳಬೇಕು. ಕೂದಲ ಬುಡದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇರುತ್ತದಲ್ಲ, ಜೀವಕೋಶ ಇರುವುದು ಅಲ್ಲಿ. ಇಡೀ ದನದ ಜಾತಕ, ಸುಮಾರು 270 ಕೋಟಿ ಅಕ್ಷರ, ಆ ಗಂಟಿನ ಒಂದೊಂದು ಕೋಶದಲ್ಲೂ ಇದೆ. ಇಂಥ ಪರೀಕ್ಷೆಗೆ ಒಂದು ನಿಯಮವಿದೆ. ಒಂದಕ್ಕೊಂದು ರಕ್ತಸಂಬಂಧವಿಲ್ಲದ ದನಗಳನ್ನೇ ಆರಿಸಬೇಕು, ಇಲ್ಲದಿದ್ದರೆ ಒಂದೇ ಮನೆತನವನ್ನು ಹತ್ತು ಸಲ ಓದಿದಂತಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಓಣಿ ಓಣಿ ತಿರುಗಿದೆ. "ಇದರಪ್ಪ ಯಾವುದು?" ಎಂದು ಕೇಳಿದಲ್ಲೆಲ್ಲ ಒಂದೇ ಉತ್ತರ: "ದವಾಖಾನಿದ್ರಿ." ಸಂಬಂಧವಿಲ್ಲದ ಮೂರು ದನ ಆ ಊರಲ್ಲಿ ಸಿಗಲಿಲ್ಲ. ಅಜ್ಜ ಆಗಲೇ ತೀರಿಕೊಂಡಿದ್ದ. ಅವನ ಬಾಯಿಂದ ಕೇಳಿದ್ದನ್ನು ನಾನು ಅಂದು ಬರೆದುಕೊಂಡಿರಲೂ ಇಲ್ಲ.

ಜೀನೋಮ್ ಅಂದರೆ ನನಗೆ ಮೊದಲು ನೆನಪಾಗುವುದು ಆ ಸಂಜೆ. ಉಳಿದ ವಿಜ್ಞಾನವನ್ನು ಚುಟುಕಾಗಿ ಹೇಳಿಬಿಡುತ್ತೇನೆ.

ಭುಜದ ಮೇಲೆ ಇಣಿ ಇರುವ ನಮ್ಮ ದನ, ಇಣಿ ಇಲ್ಲದ ಯುರೋಪಿನ ದನ, ಇವೆರಡೂ ಒಂದೇ ಕೊಟ್ಟಿಗೆಯಿಂದ ಹೊರಟವಲ್ಲ. ಮನುಷ್ಯ ಇವನ್ನು ಬೇರೆ ಬೇರೆ ಕಡೆ ಪಳಗಿಸಿದ. ನಮ್ಮದನ್ನು ಸಿಂಧೂ ಬಯಲಿನ ಕಡೆ, ಬಲೂಚಿಸ್ತಾನದ ಮೆಹರಗಢದ ಸುತ್ತ, ಸುಮಾರು 8,000 ವರ್ಷದ ಹಿಂದೆ. ಕಾಡಿನ ಮೂಲದ ದನ ಈಗ ಎಲ್ಲೂ ಇಲ್ಲ. ಯುರೋಪಿನಲ್ಲಿ ಉಳಿದಿದ್ದ ಕೊನೆಯದು 1627ರಲ್ಲಿ ಪೋಲೆಂಡಿನ ಕಾಡಿನಲ್ಲಿ ಸತ್ತಿತು. ಅಂದರೆ ಕೆಟ್ಟರೆ ಮತ್ತೆ ಮೊದಲಿನಿಂದ ಶುರುಮಾಡೋಣ ಎನ್ನಲು ಬೀಜವಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಇರುವುದಷ್ಟೇ ಇರುವುದು.

ಡಿಎನ್‌ಎಯಲ್ಲಿ ತಾಯಿಯ ಕಡೆಯ ಗುರುತು ಬೇರೆ, ತಂದೆಯ ಕಡೆಯ ಗುರುತು ಬೇರೆ. ಆಫ್ರಿಕಾದಲ್ಲಿ ಇಣಿ ಇರುವ ದನಗಳನ್ನು ಪರೀಕ್ಷಿಸಿದರೆ ತಾಯಿಯ ಗುರುತು ಇಣಿ ಇಲ್ಲದ ದನದ್ದು, ತಂದೆಯ ಗುರುತು ನಮ್ಮ ಬಗೆಯದು. ಇಲ್ಲಿಯ ಬಗೆಯ ಹೋರಿಗಳು ಅಲ್ಲಿಗೆ ಹೋಗಿ ಅಳಿಯಂದಿರಾಗಿದ್ದವು! ಪಶ್ಚಿಮ ಏಷ್ಯಾದ ಕಥೆಯೂ ಅದೇ. ಹಳೆಯ ಮೂಳೆಗಳಿಂದ 67 ದನಗಳ ಜೀನೋಮ್ ತೆಗೆದು ಓದಿದ ಸಂಶೋಧನೆ 2019ರಲ್ಲಿ ಪ್ರಕಟವಾಯಿತು. ಸುಮಾರು 4,200 ವರ್ಷದ ಹಿಂದೆ ಆ ಕಡೆ ದೊಡ್ಡ ಬರ ಬಿದ್ದ ಕಾಲದಿಂದ ಅಲ್ಲಿಯ ದನಗಳಲ್ಲಿ ಇಣಿ ದನದ ರಕ್ತ ಒಮ್ಮೆಲೇ ಕಾಣಿಸಿಕೊಂಡಿದೆ, ಅದು ಬಹುಪಾಲು ಹೋರಿಗಳ ಮೂಲಕ ಬಂದದ್ದು. ಬಿಸಿಲು, ನೀರಡಿಕೆ ತಡೆಯುವ ದನ ಬೇಕು ಎಂದು ಆ ಕಾಲದ ರೈತನಿಗೂ ಗೊತ್ತಿತ್ತು. ಜತ್ತದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಹೋರಿ ಹೀಗೆ ಲೋಕವನ್ನು ಕಟ್ಟುತ್ತದೆ. ಕೆಡಿಸಲೂ ಬಲ್ಲದು. ನಿಮ್ಮ ಹಟ್ಟಿಯಲ್ಲಿ ವಿದೇಶಿ ತಳಿಯ ಎಚ್‌ಎಫ್ ದನ ಇದೆಯಲ್ಲ, ಅದರ ಕುಲದಲ್ಲಿ 1962ರಲ್ಲಿ ಅಮೆರಿಕದಲ್ಲಿ ಚೀಫ್ ಎಂಬ ಹೋರಿ ಹುಟ್ಟಿತು. ಅದರ ಹೆಣ್ಣುಮಕ್ಕಳೇ 16,000. ಹಾಲು ಹೆಚ್ಚಿದ್ದು ನಿಜ, ಆ ಲಾಭ ದೊಡ್ಡದು. ಆದರೆ ಅದರ ರಕ್ತದಲ್ಲಿ ಒಂದು ಗುಪ್ತ ದೋಷವಿತ್ತು. ದೋಷ ತಾಯಿ ತಂದೆ ಎರಡೂ ಕಡೆಯಿಂದ ಬಂದರೆ ಕರು ಹೊಟ್ಟೆಯಲ್ಲೇ ಹೋಗುತ್ತದೆ. ರೈತನಿಗೆ ತಿಳಿಯುವುದು ಗಬ್ಬ ನಿಲ್ಲಲಿಲ್ಲ ಎಂಬುದಷ್ಟೆ. ಅದನ್ನು ವಿಜ್ಞಾನಿಗಳು ಹಿಡಿದ ರೀತಿ ಚೆಂದವಾಗಿದೆ. ಸಾವಿರಾರು ಜೀವಂತ ದನಗಳ ಜೀನೋಮ್ ನೋಡುತ್ತ ಹೋದರು. ಒಂದು ತುಣುಕು ಒಂಟಿಯಾಗಿ ಬೇಕಾದಷ್ಟು ದನಗಳಲ್ಲಿ ಸಿಗುತ್ತಿತ್ತು, ಜೋಡಿಯಾಗಿ ಒಂದರಲ್ಲೂ ಸಿಗಲಿಲ್ಲ. ಜೋಡಿಯಾದವು ಎಲ್ಲಿ ಹೋದವು? ಹುಟ್ಟಲೇ ಇಲ್ಲ. ಸಂತೆಯಲ್ಲಿ ಯಾರು ಬಂದಿಲ್ಲ ಎಂದು ನೋಡಿ ಊರಲ್ಲಿ ಯಾರು ತೀರಿಕೊಂಡರು ಎಂದು ತಿಳಿದಂತೆ. ಆ ಒಂದು ದೋಷದಿಂದ ಜಗತ್ತಿನಲ್ಲಿ ಹೋದ ಗರ್ಭಗಳು ಸುಮಾರು 5 ಲಕ್ಷ 25 ಸಾವಿರ ಎಂದು 2016ರಲ್ಲಿ ಅಂದಾಜು ಮಾಡಿದರು.

ಇನ್ನು ನನ್ನ ತಲೆನೋವಿನ ಲೆಕ್ಕ. ಎದುರಿಗೆ ಶಾಲೆಯ ಮಕ್ಕಳಿದ್ದಾರೆ, ಅವರೇ ಹಾಕಲಿ. ಒಂದು ಊರಲ್ಲಿ ನೂರು ಹಸು, ಒಂದು ಹೋರಿ. ಗಣತಿಯವರು 101 ತಲೆ ಎಂದು ಬರೆದುಕೊಳ್ಳುತ್ತಾರೆ. ತಳಿಶಾಸ್ತ್ರದಲ್ಲಿ ಬೇರೆ ಲೆಕ್ಕ. ಹೋರಿಯ ಸಂಖ್ಯೆಯನ್ನು ಹಸುವಿನ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. ನಾನೂರನ್ನು ನೂರೊಂದರಿಂದ ಭಾಗಿಸಿದರೆ ಎಷ್ಟು ಬಂತು? ನಾಲ್ಕಕ್ಕೂ ಕೂದಲೆಳೆಯಷ್ಟು ಕಡಿಮೆ. ಕಣ್ಣಿಗೆ ನೂರೊಂದು ಕಂಡರೂ ವೈವಿಧ್ಯದ ಲೆಕ್ಕದಲ್ಲಿ ಇರುವುದು ನಾಲ್ಕು ದನ. ಅದೇ ಊರಲ್ಲಿ ಐದು ಹೋರಿ ಇದ್ದರೆ 19. ಹತ್ತು ಇದ್ದರೆ 36. ಒಂದು ಹಸುವನ್ನೂ ಹೆಚ್ಚಿಸದೆ, ಬರೀ ಹೋರಿ ಹೆಚ್ಚಿಸಿ ನಾಲ್ಕನ್ನು ಮೂವತ್ತಾರು ಮಾಡಬಹುದು. ನಾನು ಅಂದು ಹತ್ತು ನಿಮಿಷಕ್ಕೊಂದರಂತೆ ಮಾಡಿದ್ದು ಇದರ ತಿರುಗುಮುರುಗು ಲೆಕ್ಕ.

2019ರ ಜಾನುವಾರು ಗಣತಿಯಲ್ಲಿ ದೇಶಿ ದನಗಳು ಹಿಂದಿನ ಗಣತಿಗಿಂತ ಶೇ. 6ರಷ್ಟು ಕಡಿಮೆಯಾದವು ಎಂದು ಎಲ್ಲರೂ ಮರುಗಿದರು. ಮರುಗಬೇಕಾದ್ದೇ. ಆದರೆ ತಲೆ ಎಷ್ಟು ಎಂದು ಕೇಳಿದವರು ಅಪ್ಪಂದಿರು ಎಷ್ಟು ಎಂದು ಕೇಳಲಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ಕರ್ನಾಲಿನಲ್ಲಿರುವ ಪಶು ಆನುವಂಶಿಕ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ 1984ರಲ್ಲೇ ಶುರುವಾಯಿತು. 2021ರ ಆಗಸ್ಟಿನಲ್ಲಿ ಹೈದರಾಬಾದಿನ ಸಂಸ್ಥೆಯೊಂದು ಸಿದ್ಧಪಡಿಸಿದ ‘ಇಂಡಿಗೌ’ ಎಂಬ ಜೀನೋಮ್ ಚಿಪ್ ಬಂತು. ದೇಶಿ ದನದ ಡಿಎನ್‌ಎಯಲ್ಲಿ 11,496 ಜಾಗಗಳನ್ನು ಒಮ್ಮೆಲೇ ಓದುತ್ತದೆ. 2024ರ ಅಕ್ಟೋಬರಿನಲ್ಲಿ ಇದೇ ಮಹಾರಾಷ್ಟ್ರದ ವಾಶಿಮದಲ್ಲಿ ಪ್ರಧಾನಿಯವರು ದನ ಮತ್ತು ಎಮ್ಮೆಗಳ ಹೊಸ ಚಿಪ್ ಬಿಡುಗಡೆ ಮಾಡಿದರು. ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿಯೂ ಜೊತೆಯಲ್ಲೇ ಬಂತು. ಇಂಡಿಗೌ ಬಂದಾಗ ಎತ್ತಿ ಹೇಳಿದ ಹೆಸರುಗಳು ಗೀರ್, ಕಾಂಕ್ರೇಜ್, ಸಾಹಿವಾಲ್, ಒಂಗೋಲು. ಅದರಲ್ಲಿ ಮೂರು ನಮ್ಮ ಕೃಷ್ಣಾ ತಳಿಯ ಹೆತ್ತವರು! ಹೆತ್ತವರ ಹೆಸರು ಪಟ್ಟಿಯಲ್ಲಿ ಓದಿ ಮಗುವಿನ ಹೆಸರಿಗೆ ತಡಕಾಡಿದಾಗ ಹೊಟ್ಟೆ ಚುರ್ ಎಂದಿತು.

ಚಿಪ್ಪನ್ನು ನಾನು ಸ್ವಾಗತಿಸುತ್ತೇನೆ. ಯಾವ ಹೋರಿಗೆ ಯಾವ ಹಸು ಕೂಡದು, ಯಾವ ರಕ್ತ ತೀರಾ ಹತ್ತಿರವಾಯಿತು ಎಂದು ಅದು ಹೇಳುತ್ತದೆ. ಒಂದು ಹೆದರಿಕೆ ಮಾತ್ರ ಇದೆ. ನಾಳೆ ಯಾರೋ ಚಿಪ್ ಹಿಡಿದು ಬಂದು ನಿನ್ನದು ಶೇ. 100 ಶುದ್ಧ, ನಿನ್ನದು ಕಲಬೆರಕೆ ಎಂದು ಚೀಟಿ ಹಚ್ಚಿ ಕಲಬೆರಕೆಯನ್ನು ತಳ್ಳಿಹಾಕಿದರೆ? ಸಾಂಗಲಿಯ ರಾಜರು ಶುದ್ಧಿಯ ಹಟ ಹಿಡಿದಿದ್ದರೆ ಕೃಷ್ಣಾ ತಳಿ ಹುಟ್ಟುತ್ತಲೇ ಇರಲಿಲ್ಲ. ಬರ್ಡಿಜೊ ಹಿಡಿದು ಹೋಗಿದ್ದ ನಾನೂ ಶುದ್ಧಿಯ ಹೆಸರಿನಲ್ಲೇ ಹೋಗಿದ್ದೆ.

ಹೋರಿ ಸಾಕಲು ಖರ್ಚಿದೆ, ಗೊತ್ತು. ಹಾಲು ಕೊಡುವುದಿಲ್ಲ, ತಿನ್ನುವುದು ಎರಡರಷ್ಟು. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದಲ್ಲಿ ಎತ್ತಿನ ಗಾಡಿಯ ಶರ್ಯತ್ತಿಗೆ ಮತ್ತೆ ಅನುಮತಿ ಕೊಟ್ಟ ಮೇಲೆ ಖಿಲಾರಿಗೆ ಬೆಲೆ ಬಂತು. ಓಟ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಗಂಡುಗರು ಹುಟ್ಟಿದರೆ ಮುಖ ಸಣ್ಣ ಮಾಡದ ಮನೆಗಳು ಆ ನೆಪದಿಂದಲಾದರೂ ಉಳಿದಿವೆ, ಅಷ್ಟು ಸಾಕು. ಕೃಷ್ಣಾ ಹೋರಿಗೆ ಆ ಅದೃಷ್ಟವೂ ಇಲ್ಲ, ಅದು ಓಡುವ ದನವಲ್ಲ. ಅದಕ್ಕೆ ಊರೇ ಮೇವು ಹಾಕಬೇಕು. ಹಿಂದೆ ದೇವರಿಗೆ ಬಿಟ್ಟ ಹೋರಿ ಯಾರ ಹೊಲದಲ್ಲಿ ಮೇಯ್ದರೂ ಯಾರೂ ಹೊಡೆಯುತ್ತಿರಲಿಲ್ಲವಲ್ಲ, ಆ ಕಟ್ಟಳೆ ಹಾಕಿದವರಿಗೆ ಈ ಗುಣಾಕಾರ ಬಾಯಿಗೆ ಬರುತ್ತಿರಲಿಲ್ಲ, ಫಲ ಗೊತ್ತಿತ್ತು.

ಮುಗಿಸಿದೆ. ಪ್ರದರ್ಶನದಲ್ಲಿ ಏನೇನು ನೋಡಬೇಕು ಎಂದು ನಾನು ಹೇಳಬೇಕಿತ್ತಂತೆ. ಮಳಿಗೆಗಳ ನಕ್ಷೆ ಬಾಗಿಲಲ್ಲೇ ಇದೆ, ನೋಡಿಕೊಳ್ಳಿ. ನನ್ನದೊಂದು ಕೋರಿಕೆ. ಬೆಳಿಗ್ಗೆ ಒಂದು ಸುತ್ತು ಹಾಕಿ ಬಂದೆ. ಪ್ರತಿ ಹೋರಿಯ ಮುಂದೆ ಕಪ್ಪು ಹಲಗೆ ಇದೆ. ಮಾಲೀಕರ ಹೆಸರು, ಊರು, ಎರಡ್ಹಲ್ಲು, ನಾಕ್ಹಲ್ಲು, ಬಾಯಿಗೂಡಿದ್ದು, ಬೆಲೆ, ಎಲ್ಲ ಬರೆದಿದೆ. ತಾಯಿಯ ಹೆಸರು ಒಂದರ ಮೇಲೂ ಇಲ್ಲ. ಅಪ್ಪನ ಹೆಸರು ಕೇಳಿದರೆ ಹೆಚ್ಚಿನವರು ದವಾಖಾನೆ ಎನ್ನುತ್ತೀರಿ, ಅದರಲ್ಲಿ ನನ್ನ ತಪ್ಪೂ ಇದೆ. ಅವ್ವನ ಹೆಸರು ನಿಮಗಿನ್ನೂ ನೆನಪಿದೆ. ಅಜ್ಜಿಯದೂ ಇರಬಹುದು.

ರಿಬ್ಬನ್ ಕತ್ತರಿಸಲು ಕತ್ತರಿ ಇಟ್ಟಿದ್ದೀರಿ. ಈ ಕೈ ಬೇಕಾದಷ್ಟು ಕತ್ತರಿಸಿದೆ, ಅದನ್ನು ಅಧ್ಯಕ್ಷರು ಮಾಡಲಿ. ನಾನು ಸೀಮೆಸುಣ್ಣದ ಡಬ್ಬಿ ತಂದಿದ್ದೇನೆ. ಮೊದಲ ಸಾಲಿನ ಮೊದಲ ಹೋರಿ ಯಾರದು? ಬನ್ನಿ, ಹಲಗೆಯ ಹತ್ತಿರ ಹೋಗೋಣ. ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ.