ಬೀಜವೋ, ಕಡ್ಡಿಯೋ? ಅಪರೂಪದ ಸಸ್ಯಗಳ ಅಭಿವೃದ್ಧಿ



ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದ ಸುತ್ತ ಭತ್ತದ ಬಯಲು ಹರಡಿದೆ. ಹುಣಸೂರು, ಹೆಗ್ಗಡದೇವನಕೋಟೆಗಳ ಕಡೆಗೆ ಸಾಗಿದಂತೆ ಹೊಲಗಳು ಮುಗಿದು ನಾಗರಹೊಳೆಯ ಕಾಡು ಆರಂಭವಾಗುತ್ತದೆ. ಈ ಸೀಮೆಯ ಮನೆಗಳಲ್ಲಿ ಮಾಕಳಿ ಬೇರಿನ ಉಪ್ಪಿನಕಾಯಿ ಇಲ್ಲದೆ ಮೊಸರನ್ನಕ್ಕೆ ರುಚಿಯಿಲ್ಲ. ಆದರೆ ಆ ಜಾಡಿಗೆ ಬಂದ ಬೇರು ಯಾವ ಹೊಲದಲ್ಲಿಯೂ ಬೆಳೆದುದಲ್ಲ, ಬಹುಪಾಲು ಬೆಟ್ಟದಿಂದ ಅಗೆದು ತಂದುದು.

ಮಾಕಳಿಯು ದಕ್ಷಿಣ ಭಾರತಕ್ಕಷ್ಟೇ ಸೀಮಿತವಾದ ಬಳ್ಳಿ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೊಳಗಾದ ಸಸ್ಯಗಳ ಸಾಲಿನಲ್ಲಿದೆ. ಹಣ್ಣನ್ನು ಕಿತ್ತರೆ ಗಿಡ ಉಳಿಯುತ್ತದೆ. ಬೇರನ್ನೆಲ್ಲ ಅಗೆದರೆ ಗಿಡವೇ ಹೋಗುತ್ತದೆ. ಬೀಜ ಕಟ್ಟುವ ಮೊದಲೇ ಅಗೆದಲ್ಲಿ ಮುಂದಿನ ಪೀಳಿಗೆಯೂ ಇಲ್ಲವಾಗುತ್ತದೆ. ಇದನ್ನು ಹೊಲದ ಬೆಳೆಯಾಗಿಸುವುದೇ ಪರಿಹಾರ.

ಮಾಕಳಿಯ ಕಾಯಿಗಳು ಜೋಡಿಯಾಗಿರುತ್ತವೆ. ಒಣಗಿ ಬಿರಿದೊಡನೆ ರೇಷ್ಮೆಯಂತಹ ಕೂದಲು ಹೊತ್ತ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಆದುದರಿಂದ ಬಲಿತ ಕಾಯಿ ಬಿರಿಯುವ ಮೊದಲೇ ಅದಕ್ಕೆ ತೆಳುಬಟ್ಟೆಯ ಚೀಲ ಕಟ್ಟಬೇಕು. ಬೀಜವನ್ನು ಬಹುಕಾಲ ಕೂಡಿಡದೆ ಬೇಗನೆ ಬಿತ್ತುವುದು ಕ್ಷೇಮ. ಕಡ್ಡಿಯಿಂದ ಬೇರು ಬರಿಸುವುದು ಸುಲಭವಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಂಗಾಂಶ ಕೃಷಿಯಿಂದ ಇದರ ಸಸಿಗಳನ್ನು ಪಡೆದಿರುವರಾದರೂ, ಹಳ್ಳಿಯ ಹಿತ್ತಲಿಗೆ ಬೀಜವೇ ಅಗ್ಗದ ದಾರಿ.

ಶ್ರೀಗಂಧದ ಕತೆ ಬೇರೆ. 2001ರ ಕಾನೂನು ತಿದ್ದುಪಡಿಗೆ ಮೊದಲು ಹೊಲದಲ್ಲಿ ಹುಟ್ಟಿದ ಗಂಧದ ಮರದ ಮೇಲೆ ರೈತನಿಗೆ ಒಡೆತನವಿರಲಿಲ್ಲ. ಬದುವಿನಲ್ಲಿ ಮೊಳೆತ ಸಸಿಯನ್ನು ತೊಂದರೆಯೆಂದು ಕಿತ್ತೆಸೆದವರುಂಟು. ಈಗ ಒಡೆತನ ಲಭಿಸಿದೆ, ಆದರೆ ನೆಟ್ಟ ಸಸಿಗಳು ಒಣಗುತ್ತವೆಂಬ ದೂರು ನಿಂತಿಲ್ಲ. ಎಷ್ಟೋ ವೇಳೆ ಇದು ಮಣ್ಣಿನ ದೋಷವಲ್ಲ. ಗಂಧವು ಅರೆಪರಾವಲಂಬಿ, ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಕೂಡಿಸಿ ನೀರು, ಪೋಷಕಾಂಶಗಳನ್ನು ಪಡೆಯುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ.

ಗಂಧದ ಕಡ್ಡಿಯೂ ಸುಲಭವಾಗಿ ಬೇರು ಬಿಡದು, ಬೀಜವೇ ಗತಿ. ತಾಜಾ ಬೀಜ ಸುಮಾರು ಎರಡು ತಿಂಗಳು ಸುಪ್ತಾವಸ್ಥೆಯಲ್ಲಿರುತ್ತದೆ. ಲೀಟರ್ ನೀರಿಗೆ 500 ಮಿಲಿಗ್ರಾಂ ಜಿಬ್ಬರೆಲಿಕ್ ಆಮ್ಲ ಬೆರೆಸಿ ರಾತ್ರಿಯಿಡೀ ನೆನೆಸಿದರೆ ಮೊಳಕೆ ಸಮನಾಗಿ ಬರುತ್ತದೆ. ಮರಳು ಹೆಚ್ಚಿರುವ, ನೀರು ನಿಲ್ಲದ ಸಸಿಮಡಿ ಬೇಕು. ಕೆಲವು ಎಲೆ ಬಿಟ್ಟ ಸಸಿಯನ್ನು ಪಾಲಿಥಿನ್ ಚೀಲಕ್ಕೆ ಬದಲಿಸಿ, ಅದೇ ಚೀಲದಲ್ಲಿ ಒಂದು ತೊಗರಿ ಬೀಜ ಊರಬೇಕು. ತೊಗರಿ ಎತ್ತರ ಬೆಳೆದು ನೆರಳು ಕವಿದರೆ ತುದಿ ಚಿವುಟಬೇಕು. ಹೊಲದಲ್ಲಿ ನೆಡುವಾಗ ಹೊಂಗೆಯಂತಹ ದೀರ್ಘಾಯುಷಿ ಆಸರೆಯಿರಲಿ.

ಹಾಗಾದರೆ ಕಡ್ಡಿ ನಿಷ್ಪ್ರಯೋಜಕವೇ? ಅಲ್ಲ. ಬೇರು ಬಿಡುವ ಜಾತಿಗಳಲ್ಲಿ, ಮೆಚ್ಚಿದ ಗಿಡದ ಗುಣವನ್ನು ಹಾಗೆಯೇ ಉಳಿಸಲು ಕಡ್ಡಿ ಬೇಕು. ಆದರೆ ಒಂದೇ ಗಿಡದ ನೂರು ಕಡ್ಡಿಗಳು ನೂರು ಗಿಡಗಳಂತೆ ಕಂಡರೂ ಅನುವಂಶೀಯವಾಗಿ ಒಂದೇ ಗಿಡ. ಒಂದಕ್ಕೆ ತಗುಲಿದ ರೋಗಕ್ಕೆ ಎಲ್ಲವೂ ಬಲಿಯಾಗಬಹುದು. ಉತ್ತರ ಕನ್ನಡದ ಕತ್ತಲೆಕಾನಿನ ಜೌಗಿನಲ್ಲಿ ಕಂಡುಬಂದು, 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾದ ಗೇರುಜಾತಿಯ ಒಂದು ಅತ್ಯಪೂರ್ವ ಮರದಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಅಂತಹ ಮರದ ಒಂದೇ ಗಿಡದಿಂದ ತೋಪು ಎಬ್ಬಿಸಿದರೆ ಅಲ್ಲಿ ಎಂದೆಂದಿಗೂ ಬೀಜವಾಗದು. ಅದೇ ಜೌಗಿನ ರಾಂಪತ್ರೆಯ ದಪ್ಪ ಬೀಜವಂತೂ ಒಣಗಿದರೆ ಸಾಯುತ್ತದೆ. ಅದನ್ನು ಕಾಳಿನಂತೆ ಕಣಜದಲ್ಲಿಡಲಾಗದು. ಪ್ರತಿ ಸಸ್ಯದ ಸ್ವಭಾವ ಅರಿಯದೆ ಮಾಡಿದ ರಕ್ಷಣೆ ಕೆಲವೊಮ್ಮೆ ನಾಶಕ್ಕೆ ಸಮ.

ಬೀಜ ಸಂಗ್ರಹಿಸುವಾಗ ಒಂದೇ ತಾಯಿಗಿಡವನ್ನು ಬರಿದು ಮಾಡದೆ, ಹಲವು ಗಿಡಗಳಿಂದ ಸ್ವಲ್ಪ ಸ್ವಲ್ಪ ಪಡೆಯುವುದು ನ್ಯಾಯ. ಗಂಧದ ಹಣ್ಣನ್ನು ತಿಂದು ಬೀಜ ಬಿತ್ತುವ ಹಕ್ಕಿಗಳ ಪಾಲು ಮರದಲ್ಲಿಯೇ ಇರಲಿ. ಅಪ್ಪಣೆಯಿಲ್ಲದೆ ಅರಣ್ಯದೊಳಗೆ ಕೈಹಾಕುವ ಅಗತ್ಯವಿಲ್ಲ. ಬೇಲಿಸಾಲಿನಲ್ಲಿ, ಹೊಲದ ಬದುವಿನಲ್ಲಿ ಉಳಿದಿರುವ ಗಿಡಗಳಿಂದಲೇ ಆರಂಭಿಸಬಹುದು.

ಶಾಲೆಯ ಅಂಗಳದಲ್ಲಿ ಒಂದು ಸಸಿಮಡಿ ಮಾಡಿ, ಬೀಜ ತಂದ ಜಾಗ, ಬಿತ್ತಿದ ದಿನ, ಮೊಳೆತ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದಿಡಲಿ ವಿದ್ಯಾರ್ಥಿಗಳು. ಹಿರಿಯರು ತಾವು ಬಲ್ಲ ತಾಯಿಗಿಡಗಳನ್ನು ಅವರಿಗೆ ತೋರಿಸಲಿ. ಬಲ್ಲವರು ಇರುವಾಗಲೇ ಆ ಪುಸ್ತಕದ ಮೊದಲ ಪುಟ ತುಂಬಬೇಕು.