ಮೂರು ಕಂಬ ಓಟ, ಮೂರು ಕಂಬ ನಡಿಗೆ

ನಮ್ಮ ಮುಳ್ಳೇರಿಯದಲ್ಲಿ ದೊಡ್ಡವರು ಓಡಬೇಕಾದರೆ ಒಂದು ಕಾರಣ ಬೇಕು. ಕಾಸರಗೋಡಿನ ಬಸ್ಸು ಹೊರಟಿರಬೇಕು, ದನ ಹಗ್ಗ ಕಿತ್ತುಕೊಂಡು ಪಕ್ಕದವರ ತೋಟಕ್ಕೆ ನುಗ್ಗಿರಬೇಕು, ಇಲ್ಲವೇ ಅಂಗಳದಲ್ಲಿ ಅಡಿಕೆ ಹರಡಿರುವಾಗ ಮಳೆ ಹನಿದಿರಬೇಕು. ಇದೊಂದೂ ಇಲ್ಲದೆ ನಲುವತ್ತೆಂಟು ವರ್ಷದ ಮನುಷ್ಯನೊಬ್ಬ ಹೊಟ್ಟೆ ಕುಲುಕಿಸಿಕೊಂಡು ಚೆರ್ಕಳ–ಜಾಲ್ಸೂರು ರಸ್ತೆಯ ಬದಿಯಲ್ಲಿ ಓಡಿದರೆ ಜನ ಕೇಳದೆ ಬಿಡುವುದಿಲ್ಲ. ನನ್ನನ್ನೂ ಕೇಳಿದರು: "ಎಂತ ಮಾರಾಯ್ರೆ, ಬಸ್ಸು ತಪ್ಪಿತಾ?"

ಕೇಳಿದವರಲ್ಲಿ ಕುಹಕವಿರಲಿಲ್ಲ. ಆದರೂ ನನಗೆ ನಾಚಿಕೆಯಾಯಿತು. ನಾಚಿಕೆಯಾದವನು ಇನ್ನೂ ಜೋರಾಗಿ ಓಡುತ್ತಾನೆ. ತಿರುವು ದಾಟಿ ಅವರ ಕಣ್ಣಿಗೆ ಮರೆಯಾಗುವ ತನಕ ಓಡಿದೆ. ಆಮೇಲೆ ಮೋರಿಯ ಕಟ್ಟೆಯ ಮೇಲೆ ಕೂತು ಹತ್ತು ನಿಮಿಷ ಏದುಸಿರು ಬಿಟ್ಟೆ. ಮರುದಿನ ಮೆಟ್ಟಿಲು ಇಳಿಯಲಾಗಲಿಲ್ಲ. ಮೂರನೆಯ ದಿನ ಶೂ ಅಟ್ಟ ಸೇರಿತು. ಹೊಸದಾಗಿ ಓಡಲು ಹೊರಟ ಹೆಚ್ಚಿನವರ ಕತೆ ಇಷ್ಟೇ. ಮೆಲ್ಲಗೆ ಓಡುವುದನ್ನು ನಮಗೆ ಯಾರೂ ಕಲಿಸಿಲ್ಲ.

ಕರಾವಳಿಯವರಿಗೆ ಓಟವೆಂದರೆ ಮೊದಲು ನೆನಪಾಗುವುದು ಕಂಬಳ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಕರೆಯಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ತಿರುಗಿ ನೋಡಿತು. ಅದು ನೋಡಲು ಚೆಂದ. ಆದರೆ ಆ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಬೆಳಿಗ್ಗೆ ರಸ್ತೆಗಿಳಿದರೆ ಮೋರಿಯ ಕಟ್ಟೆಯೇ ಗತಿ.

ಮೆಲ್ಲಗೆ ಓಡುವುದನ್ನು ಜಗತ್ತಿಗೆ ಕಲಿಸಿದ್ದು ನ್ಯೂಜಿಲೆಂಡ್. ಅಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರಿದ್ದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಇಬ್ಬರು ಶಿಷ್ಯರು, ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್‌ಬರ್ಗ್, ಒಂದೇ ದಿನ ಚಿನ್ನ ಗೆದ್ದಿದ್ದರು. ಚಾಂಪಿಯನ್ನರನ್ನು ತಯಾರು ಮಾಡಿದ ಇದೇ ಲಿಡಿಯಾರ್ಡ್, ಊರಿನ ಮುದುಕರನ್ನೂ ಹೃದ್ರೋಗಿಗಳನ್ನೂ ಮೆಲ್ಲಗೆ ಓಡಲು ಹಚ್ಚಿದರು. ಆ ಹೊತ್ತಿಗೆ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಹೆಸರಾಂತ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದರು. ವಯಸ್ಸು ಐವತ್ತು ದಾಟಿತ್ತು. ಎಷ್ಟೋ ಓಟಗಾರರನ್ನು ಪಳಗಿಸಿದ್ದರು, ಸ್ವತಃ ಓಡುವುದನ್ನು ಮಾತ್ರ ಬಿಟ್ಟಿದ್ದರು. ಒಂದು ದಿನ ಬೆಳಿಗ್ಗೆ ಈ ಗುಂಪಿನ ಜೊತೆ ಹೊರಟವರು ಸ್ವಲ್ಪ ಹೊತ್ತಿಗೇ ಹಿಂದೆ ಬಿದ್ದರು. ಅವರಿಗೆ ಜೊತೆಯಾಗಿ ಹಿಂದೆ ಉಳಿದದ್ದು, ಹೃದಯಾಘಾತಗಳನ್ನು ಕಂಡಿದ್ದ, ಎಪ್ಪತ್ತು ದಾಟಿದ ಒಬ್ಬ ಅಜ್ಜ. ಅಜ್ಜ ಹರಟೆ ಹೊಡೆಯುತ್ತ ಓಡುತ್ತಿದ್ದರೆ ಕೋಚ್ ಸಾಹೇಬರಿಗೆ ಉತ್ತರ ಕೊಡಲು ಉಸಿರೇ ಇರಲಿಲ್ಲ. ಬೋವರ್‌ಮನ್ 1963ರಲ್ಲಿ ತಮ್ಮೂರಿಗೆ ಮರಳಿ ಸಾಮಾನ್ಯ ಜನರಿಗೆ ಓಟದ ತರಗತಿ ಆರಂಭಿಸಿದರು. 1967ರಲ್ಲಿ ವೈದ್ಯರೊಬ್ಬರೊಂದಿಗೆ ಸೇರಿ ಅವರು ಬರೆದ ಪುಸ್ತಕದ ಹೆಸರೇ 'ಜಾಗಿಂಗ್'. ಮುಂದೆ ನೈಕಿ ಶೂ ಕಂಪೆನಿ ಕಟ್ಟಿದವರಲ್ಲಿ ಇವರೂ ಒಬ್ಬರು.

ಆ ಅಜ್ಜನ ಹರಟೆಯೇ ನಮಗೆ ಅಳತೆಗೋಲು. ಓಡುತ್ತಿರುವಾಗ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಎರಡು ಶಬ್ದಕ್ಕೇ ದಮ್ಮು ಕಟ್ಟಿದರೆ ವೇಗ ಹೆಚ್ಚಾಯಿತೆಂದು ಅರ್ಥ. ಒಬ್ಬರೇ ಓಡುವವರು ಮಗ್ಗಿ ಹೇಳಿ ನೋಡಬಹುದು.

ಇಷ್ಟು ಮೆಲ್ಲಗೆ ಯಾಕೆ? ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಪಳಗುವುದಿಲ್ಲ. ಓಡಲು ತೊಡಗಿದ ಒಂದೆರಡು ವಾರದೊಳಗೇ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡುತ್ತದೆ. ಸ್ನಾಯುಗಳೂ ಕೆಲವೇ ವಾರಗಳಲ್ಲಿ ಕೆಲಸ ಕಲಿಯುತ್ತವೆ. ಎಲುಬಿನ ಕತೆ ಬೇರೆ. ಹಳೆಯ ಬಾವಿಯ ಕಟ್ಟೆ ರಿಪೇರಿ ಮಾಡುವಾಗ ಸವೆದ ಮುರಕಲ್ಲನ್ನು ಮೊದಲು ಕಿತ್ತು, ಆಮೇಲೆ ಹೊಸ ಕಲ್ಲು ಇಡುತ್ತೇವಲ್ಲ, ಎಲುಬೂ ಹಾಗೆಯೇ ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಬೇಕು. ನಡುವಿನ ದಿನಗಳಲ್ಲಿ ಗೋಡೆ ಸ್ವಲ್ಪ ಸಡಿಲ. ಹಿಮ್ಮಡಿಯ ಮೇಲಿನ ದಪ್ಪ ಹುರಿಗೆ ರಕ್ತ ಹರಿಯುವುದೇ ಕಡಿಮೆ, ಅದೂ ಪಳಗುವುದು ನಿಧಾನ. ಇತ್ತ ಓಡುವಾಗ ಒಂದೊಂದು ಹೆಜ್ಜೆಗೂ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಾಲ್ಕನೆಯ ವಾರಕ್ಕೆ ಉಸಿರು ಹಗುರಾಗಿ "ಇನ್ನೂ ಓಡು" ಎಂದು ಹುರಿದುಂಬಿಸುತ್ತದೆ, ಕಾಲು ಮಾತ್ರ ಇನ್ನೂ ತಯಾರಾಗಿರುವುದಿಲ್ಲ. ಮೊಣಕಾಲಿನ ಕೆಳಗೆ ಎಲುಬಿನುದ್ದಕ್ಕೂ ನೋವು ಶುರುವಾಗುವುದು ಆಗಲೇ.

ಹಾಗಾಗಿ ಓಟ ಮತ್ತು ನಡಿಗೆಯನ್ನು ಬೆರೆಸಬೇಕು. 1996ರಲ್ಲಿ ಅಮೆರಿಕದ ಜೋಶ್ ಕ್ಲಾರ್ಕ್ ಎಂಬವರು ರೂಪಿಸಿದ ಒಂಬತ್ತು ವಾರಗಳ ಕ್ರಮ ಇಂದು ಬಹಳ ದೇಶಗಳಲ್ಲಿ ಬಳಕೆಯಲ್ಲಿದೆ. ವಾರಕ್ಕೆ ಮೂರೇ ದಿನ. ಮೊದಲು ಐದು ನಿಮಿಷ ಬಿರುಸಿನ ನಡಿಗೆ, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ 20 ನಿಮಿಷ. ವಾರದಿಂದ ವಾರಕ್ಕೆ ಓಟ ಹೆಚ್ಚಿ ಕೊನೆಗೆ ಅರ್ಧ ಗಂಟೆ ನಿಲ್ಲದೆ ಓಡುವಂತಾಗಬೇಕು. ಒಂಬತ್ತು ವಾರಕ್ಕೆ ಮುಗಿಯಲೇಬೇಕೆಂಬ ಹಟ ಬೇಡ, ಅಟ್ಟದಿಂದ ಶೂ ಇಳಿಸಿ ಮತ್ತೆ ಶುರು ಮಾಡಿದ ನನಗೆ ಹದಿನಾರು ಹಿಡಿಯಿತು. ಗಡಿಯಾರ ನೋಡುವ ಗೋಜೂ ಬೇಡವೆಂದರೆ ರಸ್ತೆಬದಿಯ ಕರೆಂಟು ಕಂಬಗಳಿವೆ. ಮೂರು ಕಂಬ ಓಡಿ, ಮೂರು ಕಂಬ ನಡೆಯಿರಿ. ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ನಮ್ಮ ಊರಿಗೆಂದೇ ಕೆಲವು ಮಾತು. ಇಲ್ಲಿ ಸಪಾಟು ಜಾಗ ಸಿಗುವುದು ಶಾಲೆಯ ಮೈದಾನದಲ್ಲಿ ಮಾತ್ರ, ಉಳಿದದ್ದೆಲ್ಲ ಗುಡ್ಡೆ ಮತ್ತು ಬೈಲು. ಏರಿನಲ್ಲಿ ನಡೆಯಿರಿ, ಅದರಲ್ಲಿ ಅವಮಾನವೇನಿಲ್ಲ. ಇಳಿಜಾರು ಸುಲಭವೆಂದು ಕಾಣುತ್ತದೆ, ಮಂಡಿಗೆ ಪೆಟ್ಟು ಬೀಳುವುದು ಅಲ್ಲೇ. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಹಾವಸೆ ಹಿಡಿದಿರುತ್ತದೆ, ಆಟಿ ತಿಂಗಳಲ್ಲಿ ಜಗಲಿಯಲ್ಲೇ ನಡೆದರೂ ಸಾಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಆರುವುದಿಲ್ಲ, ಅದೇ ವೇಗಕ್ಕೆ ಎದೆ ಹೆಚ್ಚು ಬಡಿದುಕೊಳ್ಳುತ್ತದೆ. ಬೇಗ ಹೊರಡುವುದು ಒಳ್ಳೆಯದೇ, ಆದರೆ ಕಾಡಿನಂಚಿನ ದಾರಿಯಲ್ಲಿ ಬೆಳಕು ಹರಿಯದೆ ಹೋಗಬೇಡಿ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆಯವರಿಗೆ ಆನೆಯ ವಿಷಯ ನಾನು ಹೇಳಬೇಕಾಗಿಲ್ಲ.

ತೋಟದ ಕೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುವವರಿದ್ದಾರೆ. ಹಿಂದೆ ಹೌದು. ಈಗ ನೀರು ಬಿಡಲು ಸ್ವಿಚ್ಚು ಒತ್ತುತ್ತೇವೆ, ಪೇಟೆಗೆ ಸ್ಕೂಟರಿನಲ್ಲಿ ಹೋಗುತ್ತೇವೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ನಮ್ಮ ಕೇರಳದ ವಯಸ್ಕರಲ್ಲಿ ಶೇಕಡಾ 25.5 ಮಂದಿಗೆ ಸಕ್ಕರೆ ಕಾಯಿಲೆಯಿದೆ. ಸಕ್ಕರೆ, ರಕ್ತದೊತ್ತಡ ಇರುವವರು, ಏರು ಹತ್ತುವಾಗ ಎದೆ ಬಿಗಿಯುವವರು ಮೊದಲು ವೈದ್ಯರನ್ನು ಕೇಳಿ, ಆಮೇಲೆ ಶೂ ಕೊಳ್ಳಿ.

ಇನ್ನು ರಸ್ತೆಬದಿಯಲ್ಲಿ ಯಾರಾದರೂ "ಬಸ್ಸು ತಪ್ಪಿತಾ?" ಎಂದು ಕೇಳಿದರೆ ನನ್ನ ಹಾಗೆ ವೇಗ ಹೆಚ್ಚಿಸಬೇಡಿ, ನಿಲ್ಲಲೂ ಬೇಡಿ. ಓಡುತ್ತಲೇ ಉತ್ತರ ಕೊಡಿ: "ಇಲ್ಲ ಮಾರಾಯ್ರೆ, ಸುಮ್ಮನೆ ಓಡುವುದು, ನಾಳೆಯಿಂದ ನೀವೂ ಬನ್ನಿ." ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಲು ಬಂದರೆ ನಿಮ್ಮ ವೇಗ ಸರಿಯಾಗಿದೆ.